ಉಳಿದ ನಲವತ್ತೈದು ಸೆಕೆಂಡು

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವಳು ಅವನ ನಾಡಿ ಎಣಿಸಿದಳು. ನಿಮಿಷಕ್ಕೆ ನೂರ ನಾಲ್ಕು. ನರ್ಸಿಂಗ್ ಕೋರ್ಸಿನ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

"ಮೆಟ್ಟಿಲು ಓಡಿ ಹತ್ತಿ ಬಂದಿದ್ದೀಯ ಅಲ್ವಾ?" ಅವಳು ಅವನ ಕೈಯನ್ನು ಮಂಚದ ಮೇಲೆ ಬಿಸಾಡುವ ಹಾಗೆ ಬಿಟ್ಟಳು.

"ಇಪ್ಪತ್ತು ನಿಮಿಷದಿಂದ ಇಲ್ಲೇ ಬಿದ್ಕೊಂಡಿದ್ದೀನಿ. ನೀನೇ ಲೇಟು."

"ನಿನ್ನ ಬಾಯಿಗೆ ಥರ್ಮಾಮೀಟರ್ ಇಟ್ಟರೆ ಲೋಕಕ್ಕೇ ನೆಮ್ಮದಿ."

"ಇಡು. ಮೂರು ನಿಮಿಷ ಇಡಬೇಕು. ಒಂದೇ ನಿಮಿಷಕ್ಕೆ ತೆಗೆದು ಮೂರರಿಂದ ಗುಣಿಸಬೇಡ."

ಅವಳ ಕಿವಿ ಕೆಂಪಾಯಿತು. ಗುಣಿಸಿದ್ದಕ್ಕೇ ಅವಳು ಕಳೆದ ವರ್ಷ ಫೇಲಾಗಿದ್ದು.

ಆಗ ಅವನು ಜೂನಿಯರ್. ಅಭ್ಯಾಸದ ಬೊಂಬೆಗಳಿಗೆ ನಾಡಿ ಇರುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ರೋಗಿಯಾಗಿ ಮಲಗಲು ಅವನನ್ನು ಕರೆಸಿದ್ದರು. ಅವಳು ಹದಿನೈದು ಸೆಕೆಂಡು ಎಣಿಸಿದಳು, ಹದಿನೆಂಟು ಬಂತು, ನಾಲ್ಕರಿಂದ ಗುಣಿಸಿ ಎಪ್ಪತ್ತೆರಡು ಎಂದು ಬರೆದಳು. ಇನ್ನೊಂದು ಕೈ ಹಿಡಿದು ಪೂರ್ತಿ ನಿಮಿಷ ಎಣಿಸಿದ ಪರೀಕ್ಷಕರಿಗೆ ಎಂಬತ್ತನಾಲ್ಕು ಸಿಕ್ಕಿತ್ತು. "ಎಷ್ಟು ಹೊತ್ತು ಎಣಿಸಿದಳಪ್ಪ?" ಎಂದು ಅವರು ರೋಗಿಯನ್ನೇ ಕೇಳಿದರು. ರೋಗಿ ಮುಖ ಚಾವಣಿಗೆ ತಿರುಗಿಸಿ, "ಹದಿನೈದು ಸೆಕೆಂಡು" ಎಂದುಬಿಟ್ಟ.

ಆ ದಿನದಿಂದ ಅವಳ ಬಾಯಲ್ಲಿ ಅವನು ಗಡಿಯಾರ. ಈ ವರ್ಷ ಅದೇ ಗಡಿಯಾರ ಅವಳ ಬ್ಯಾಚಿನಲ್ಲಿತ್ತು, ಮೇಲಾಗಿ ಅಭ್ಯಾಸಕ್ಕೂ ಪರೀಕ್ಷೆಗೂ ಅವಳ ಜೋಡಿಯಾಗಿತ್ತು. ಬದಲಾಯಿಸಿ ಎಂದು ಅವಳು ಟ್ಯೂಟರ್ ಮುಂದೆ ಎರಡು ಸಲ ನಿಂತಳು. "ವಾರ್ಡಿನಲ್ಲೂ ಇಷ್ಟವಾದ ರೋಗೀನೇ ಬೇಕು ಅಂತೀಯಾ?" ಎಂದು ಟ್ಯೂಟರ್ ಎರಡು ಸಲವೂ ಅಟ್ಟಿದರು.

ಈ ಸಲ ತಪ್ಪಿದರೆ ಮೂರನೇ ಅವಕಾಶವಿಲ್ಲ; ಕೋರ್ಸನ್ನು ಮೊದಲಿಂದ ಮಾಡಬೇಕು. ಮಕ್ಕಳ ವಾರ್ಡಿನ ಮುಖ್ಯ ನರ್ಸ್ ಅವಳಿಗಾಗಿ ಒಂದು ಜಾಗ ತಡೆಹಿಡಿದಿದ್ದರು. ಅದೂ ಫಲಿತಾಂಶದವರೆಗೆ ಮಾತ್ರ.

ಟ್ಯೂಟರ್ ಬಂದು ಚಾರ್ಟ್ ನೋಡಿದರು. ತಾವೇ ಕುಳಿತು ಅವನ ನಾಡಿ ಎಣಿಸಿದರು. ಎಪ್ಪತ್ತೆರಡು.

"ನೂರ ನಾಲ್ಕಂತೆ! ನಿನ್ನದೇನು ಬೆರಳೋ ಕಡ್ಡಿಯೋ?"

ಮಾರನೇ ದಿನ ಅವಳಿಗೆ ನೂರ ಎಂಟು, ಟ್ಯೂಟರ್‌ಗೆ ಎಪ್ಪತ್ತೆರಡು. ಮೂರನೇ ದಿನವೂ ಅದೇ ಕಥೆ. ಇವನು ಬೇಕೆಂದೇ ಏನೋ ಮಾಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಉಸಿರು ಬಿಗಿ ಹಿಡಿಯುತ್ತಾನಾ ಎಂದು ಎದೆಯ ಮೇಲೆ ಕಣ್ಣಿಟ್ಟಳು. ಉಸಿರು ಸರಾಗವಾಗಿತ್ತು. ರೆಪ್ಪೆ ಮಾತ್ರ ಒಂದೇ ಸಮನೆ ಬಡಿಯುತ್ತಿತ್ತು.

"ಏನು ನೋಡ್ತಿದ್ದೀಯ?" ಅಂದ ಅವನು.

"ಎಲ್ಲಿ ಹೊಡೆದರೆ ಗಾಯ ಕಾಣಲ್ಲ ಅಂತ."

"ಎರಡನೇ ವರ್ಷದಲ್ಲಿ ಪಾಠ ಆಗಿದೆ. ಓದಿಲ್ವಾ?"

ಸಂಜೆ ಹೊಲಿಗೆ ಯಂತ್ರದ ಮುಂದೆ ಕುಳಿತ ಅಕ್ಕನ ಕೈ ಎಳೆದುಕೊಂಡು ಎಣಿಸಿದಳು. ಎಪ್ಪತ್ತೆಂಟು. ಮತ್ತೆ ಎಣಿಸಿದಳು. ಎಪ್ಪತ್ತೆಂಟೇ.

"ನಂದು ಸರಿ ಬರುತ್ತೆ, ಅವನದು ಮಾತ್ರ ಬರಲ್ಲ ಅಂದ್ರೆ ತಪ್ಪು ನಿನ್ನ ಬೆರಳಲ್ಲಿಲ್ಲ ಕಣೇ," ಅಂದಳು ಅಕ್ಕ, ಹಲ್ಲಿನಲ್ಲಿ ದಾರ ಕಡಿಯುತ್ತ. "ನೋಡೋಕೆ ಹೇಗಿದ್ದಾನೆ?"

"ಗೋಡೆಗೆ ಮೊಳೆ ಹೊಡೆದು ನೇತು ಹಾಕೋ ಹಾಗಿದ್ದಾನೆ."

"ಅಷ್ಟು ಚೆನ್ನಾಗಿದ್ದಾನಾ?"

ಅವಳು ಅಕ್ಕನ ಕೈ ಬಿಸಾಡಿ ಎದ್ದು ಹೋದಳು.

ಪರೀಕ್ಷೆಯ ಹಿಂದಿನ ದಿನ, ಕೋಣೆ ಖಾಲಿಯಾದ ಮೇಲೆ, ಅವನು ಹಾಸಿಗೆಯ ಬಿಳಿ ಚಾದರದ ಮೂಲೆ ಮಡಚುತ್ತಿದ್ದ. ಅಳತೆಪಟ್ಟಿ ಇಟ್ಟಷ್ಟು ನೇರ. ಅದನ್ನು ಕಂಡೇ ಅವಳಿಗೆ ಮೈಯೆಲ್ಲ ಉರಿಯಿತು.

"ಹೋದ ವರ್ಷ ಯಾಕೆ ಹೇಳಿದೆ?"

"ಕೇಳಿದ್ರು. ಹೇಳಿದೆ."

"ಒಂದು ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದು ಹೋಗ್ತಿತ್ತಾ?"

"ನಂಗೆ ಬರಲ್ಲ." ಅವನು ಚಾದರದ ಇನ್ನೊಂದು ಮೂಲೆಗೆ ಹೋದ. "ನಾಳೆ ಪೂರ್ತಿ ನಿಮಿಷ ಎಣಿಸು. ಎಷ್ಟು ಸಿಗುತ್ತೋ ಅಷ್ಟೇ ಬರಿ."

"ನಿನ್ನ ಬುದ್ಧಿವಾದ ಬುಟ್ಟಿಗೆ ಹಾಕ್ಕೋ."

ಮಾರನೇ ದಿನ ಹತ್ತು ನಲವತ್ತಕ್ಕೆ ಅವಳ ಸರದಿ. ಪರೀಕ್ಷಕಿ ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿತ್ತು. ಅವರು ಅವನ ಎಡಗೈ ಹಿಡಿದರು, ಅವಳು ಬಲಗೈ. ಸ್ಟಾಪ್‌ವಾಚ್ ಶುರುವಾಯಿತು.

ಹದಿನೈದು ಸೆಕೆಂಡಿಗೆ ಇಪ್ಪತ್ತೇಳು. ಅವಳು ಕೈ ಬಿಡಲಿಲ್ಲ. ಬೆರಳ ಕೆಳಗೆ ಆ ಮಿಡಿತ ಬಾಗಿಲು ಬಡಿದ ಹಾಗಿತ್ತು. ಅವನು ಫ್ಯಾನ್ ನೋಡುತ್ತಿದ್ದ, ಫ್ಯಾನ್ ತಿರುಗುತ್ತಿರಲಿಲ್ಲ. ನಿಮಿಷ ಮುಗಿದಾಗ ಅವಳ ಲೆಕ್ಕ ನೂರ ಹನ್ನೆರಡು.

ಪೆನ್ನು ಚಾರ್ಟಿನ ಮೇಲೆ ನಿಂತಿತು. ಟ್ಯೂಟರ್‌ಗೆ ಮೂರು ದಿನವೂ ಸಿಕ್ಕಿದ್ದು ಎಪ್ಪತ್ತೆರಡು. ಅದನ್ನು ಬರೆದರೆ ಯಾರೂ ಬೆರಳೋ ಕಡ್ಡಿಯೋ ಎನ್ನುವುದಿಲ್ಲ. ಮಕ್ಕಳ ವಾರ್ಡಿನ ಜಾಗ ಆ ಒಂದು ಸಂಖ್ಯೆಯ ಮೇಲೆ ನಿಂತಿತ್ತು.

ಅವಳು ನೂರ ಹನ್ನೆರಡು ಎಂದೇ ಬರೆದಳು.

ಪರೀಕ್ಷಕಿ ತಮ್ಮ ಚೀಟಿ ತಿರುಗಿಸಿ ತೋರಿಸಿದರು. ನೂರ ಹನ್ನೆರಡು. "ಸರಿ. ಇದು ಹೆಚ್ಚಾಯ್ತಲ್ಲಮ್ಮ, ಮುಂದೆ?"

"ರೋಗಿಯನ್ನ ವಿಚಾರಿಸ್ತೀನಿ ಮೇಡಂ." ಅವಳು ಅವನ ಕಡೆ ತಿರುಗಿದಳು. ಪರೀಕ್ಷೆಯ ನಿಯಮದಂತೆ ರೋಗಿಗೆ ಮರ್ಯಾದೆ ಕೊಡಬೇಕು; ಹಲ್ಲು ಕಚ್ಚಿ ಕೊಟ್ಟಳು. "ಜ್ವರ ಏನಾದ್ರೂ ಇದೆಯಾ ನಿಮಗೆ?"

"ಇಲ್ಲ."

"ಮೆಟ್ಟಿಲು ಹತ್ತಿ ಬಂದ್ರಾ? ಕಾಫಿ ಕುಡಿದ್ರಾ?"

"ಇಲ್ಲ. ಕಾಫಿ ಕುಡಿಯಲ್ಲ."

"ಭಯ? ಗಾಬರಿ?"

ಅವನು ಪರೀಕ್ಷಕಿಯತ್ತ ನೋಡಿದ, ಗೋಡೆ ನೋಡಿದ, ಎಲ್ಲೂ ದಾರಿ ಕಾಣದೆ ಅವಳನ್ನು ನೋಡಿದ. "ನೀವು ಕೈ ಹಿಡಿದಾಗ ಮಾತ್ರ ಹೀಗಾಗುತ್ತೆ. ಬೇರೆಯವರು ಹಿಡಿದ್ರೆ ಎಪ್ಪತ್ತೆರಡು."

ಬಾಯಿಪಾಠ ಮಾಡಿದ ನಾಲಿಗೆ ಮುಂದಿನ ಪ್ರಶ್ನೆಯನ್ನು ತಾನಾಗಿ ಕೇಳಿತು: "ಎಷ್ಟು ದಿನದಿಂದ?"

"ಹೋದ ವರ್ಷದ ಪರೀಕ್ಷೆಯಿಂದ. ಹದಿನೈದು ಸೆಕೆಂಡಿಗೆ ನೀವು ಕೈ ಬಿಟ್ರಿ. ಅಲ್ಲೀವರೆಗೆ ಸರಿಯಾಗೇ ಇತ್ತು. ಉಳಿದ ನಲವತ್ತೈದು ಸೆಕೆಂಡು ನಾನು ನಿಮ್ಮನ್ನ ನೋಡ್ತಿದ್ದೆ."

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. "ಕಾರಣದ ಕಾಲಂ ಖಾಲಿ ಬಿಡಬೇಡಮ್ಮ. ಮೂರು ಅಂಕ ಇದೆ ಅದಕ್ಕೆ."

ಅವಳು ಬರೆದಳು: 'ಮಾನಸಿಕ ಉದ್ವೇಗ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡುವುದು.' ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಹನ್ನೊಂದೂ ಕಾಲಿಗೆ ಕಾರಿಡಾರಿನಲ್ಲಿ ಅವನನ್ನು ತಡೆದು ನಿಲ್ಲಿಸಿದಳು. "ನನ್ನ ಒಂದು ವರ್ಷ ನುಂಗಿದ್ದು ನಿನ್ನ ಹಾಳು ಎದೆಬಡಿತ ಅಂತ ಮೊದಲೇ ಬೊಗಳೋಕೆ ಏನಾಗಿತ್ತು?"

"ನೀನು ಕೇಳಲಿಲ್ಲ."

"ನಾನು ಕ್ಷಮಿಸಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಕೂತ್ಕೋ. ಕೈ ಕೊಡು."

"ಯಾಕೆ?"

"ಅರ್ಧ ಗಂಟೆ ಆಯ್ತು. ಚಾರ್ಟಲ್ಲಿ ಬರೆದಿದ್ದೀನಿ."

ಬೆಂಚಿನ ಮೇಲೆ ಕುಳಿತು ಅವಳು ಎಣಿಸಿದಳು. ನೂರ ಹದಿನಾರು. ನಿಮಿಷ ಮುಗಿಯಿತು. "ಮುಗೀತು," ಅಂದ ಅವನು, ವಾಚ್ ನೋಡದೆ. "ಬಾಯಿ ಮುಚ್ಚು," ಅಂದಳು ಅವಳು. ಕೈ ಬಿಡಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅವನ ಸರದಿ. ಅವಳು ರೋಗಿಯಾಗಿ ಮಲಗಿದಳು.

ಫಲಿತಾಂಶ ಹದಿನೆಂಟು ದಿನಕ್ಕೆ ಬಂತು. ಇಬ್ಬರೂ ಪಾಸಾಗಿದ್ದರು. ಅವನಿಗೆ ಅವಳಿಗಿಂತ ಮೂರು ಅಂಕ ಕಡಿಮೆ ಬಂದಿತ್ತು: ಅವಳ ನಾಡಿ ನೂರ ಎಂಟು ಎಂದು ಸರಿಯಾಗಿ ಬರೆದವನು, ಕಾರಣದ ಕಾಲಂ ಖಾಲಿ ಬಿಟ್ಟಿದ್ದ.