ಅನ್ನೂರು ಬಸ್ಸಿನ ಹಾಡುಗಳು

"ಡ್ರೈವರ್, ಆ ಹಾಡಿನ ಗಲಾಟೆ ಸ್ವಲ್ಪ ಕಡಿಮೆ ಮಾಡ್ತೀರಾ?" ಎಂದು ತಮಿಳಿನಲ್ಲಿ ಕೂಗಿದೆ. ಅನ್ನೂರಿನಿಂದ ಕೊಯಮತ್ತೂರಿಗೆ ಹೋಗುವ, ಬೆಳಿಗ್ಗೆ ಎಂಟು ಗಂಟೆಗೆ ಹೊರಡುವ ಬಸ್ಸದು.

"ಇನ್ನೂ ಜಾಸ್ತಿ ಮಾಡಿ!" ಎಂದಿತು ಮುಂದಿನ ಸೀಟಿನ ಹೆಣ್ಣುದನಿ. ಇಡೀ ಬಸ್ಸು ನಕ್ಕಿತು.

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಎಂಟು ವರ್ಷ ಶಾಸ್ತ್ರೀಯ ಸಂಗೀತ ಕಲಿತವನು ನಾನು. ಪಾಪ್ ಗಾಯಕರೆಂದರೆ ಮೂಗು ಮುರಿಯುತ್ತಿದ್ದೆ. ಇವರು ಶ್ರುತಿ ತಪ್ಪಿದರೆ ಕಂಪ್ಯೂಟರ್ ತಿದ್ದುತ್ತದೆ ಎಂದು ಅವಳಿಗೂ ಹೇಳಿದೆ.

"ತಿದ್ದದೇ ಇರೋದೂ ಇದೆ. ಕೇಳ್ತೀರಾ, ಇಲ್ಲ ಮುಖ ಗಂಟು ಹಾಕ್ಕೊಂಡೇ ಕೂತಿರ್ತೀರಾ?" ಅವಳು ಇಯರ್‌ಫೋನಿನ ಒಂದು ತುದಿ ಚಾಚಿದಳು. ಕೃತ್ತಿಕಾ ಎಂಬ ಹೆಸರು ಆಮೇಲೆ ತಿಳಿಯಿತು. ಒಂದು ಹುಬ್ಬು ಮೇಲೇರಿತ್ತು, ತುಟಿಯಂಚಿನಲ್ಲಿ ತುಂಟ ನಗು.

ಯಾರೋ ಹುಡುಗಿ ಹಾಡುತ್ತಿದ್ದಳು. ಚರಣದ ಕೊನೆಗೆ ಉಸಿರು ಸಾಲದೆ ದನಿ ನಡುಗಿತು. ಆ ನಡುಕವನ್ನು ಹಾಗೆಯೇ ಬಿಟ್ಟಿದ್ದರು. ನನ್ನ ಗುರುಗಳಾದರೆ ಬೈಯುತ್ತಿದ್ದರು. ನಾನೋ ಇನ್ನೊಮ್ಮೆ ಹಾಕಿ ಎಂದೆ. ಥೂ, ಇದೇನಾಯಿತು ನನಗೆ!

ಆಮೇಲೆ ದಿನಕ್ಕೊಂದು ಹಾಡು. ಅವಳಿಲ್ಲದ ಭಾನುವಾರವೂ ಅದೇ ಗಾಯಕರನ್ನು ಹುಡುಕಿ ಹುಡುಕಿ ಕೇಳತೊಡಗಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಫೋನು ಬಡಿದುಕೊಂಡಿತು.

"ಅವ್ವಾ, ಬಸ್ ಏರಿಬುಟ್ಟೆ. ಸಾಯಂಕಾಲ ಬಂದು ಪೇಸ್ತೀನಿ."

ಕನ್ನಡ! ಮಾತಾಡುವುದಕ್ಕೆ ತಮಿಳಿನಂತೆ 'ಪೇಸೋದು' ಅನ್ನುವ ನಮ್ಮ ಮನೆಯ ಕನ್ನಡ! ನಾನು ಸೀಟಿನಿಂದ ಎದ್ದೇಬಿಟ್ಟೆ. "ನೀನು ನಮ್ಮವಳಾ? ಮಗ್ಗದವರಾ?"

"ಅಯ್ಯೋ ದೇವ್ರೇ, ನೀವೂನಾ? ಇಷ್ಟು ದಿವಸ ಸುಮ್ನೆ ತಮಿಳು ಪೇಸಿದ್ವಲ್ಲಾ!"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಬ್ಬರೂ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದ ನೇಕಾರರು; ಒಂದೇ ಜಾತಿ, ಒಂದೇ ಮಾತು. ಇನ್ನು ನಮ್ಮ ಮದುವೆ ಯಾರು ಬೇಡವೆನ್ನುತ್ತಾರೆ? ಅಂದೇ ಅವ್ವನಿಗೆ ಹೇಳಿದೆ. ಅವಳ ಮುಖ ಅರಳಿತು. "ಯಾವ ಕುಲವಂತೆ?" ಎಂದು ಕೇಳಿದಳು.

ಮರುದಿನ ಕೃತ್ತಿಕಾಳನ್ನು ಕೇಳಿದೆ. ಹೇಳಿದಳು. ನಮ್ಮದೇ ಕುಲ.

ನಮ್ಮಲ್ಲಿ ಒಂದು ಕುಲದವರೆಲ್ಲ ಒಂದೇ ತಂದೆಯ ಮಕ್ಕಳು. ಮುಖ ನೋಡದಿದ್ದರೂ ಅಣ್ಣತಂಗಿಯರು. ಬೇರೆ ಜಾತಿಯವಳಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆನೇನೋ. ಇದರ ಜೊತೆ ಹೇಗೆ ಜಗಳವಾಡುವುದು?

"ನೀನು ಕೇಳ್ಸಿದ ಪಾಟೆಲ್ಲ ಇಷ್ಟ ಆಗ್ಬುಟ್ಟಿತು, ಕೃತ್ತಿಕಾ. ನೀನು ಅದಕ್ಕಿಂತ ಜಾಸ್ತಿ," ಎಂದೆ. ಆ ಗಾಯಕರ ಮೂರು ನಿಮಿಷದ ಅಳು ಬರೀ ನಾಟಕ ಎನ್ನುತ್ತಿದ್ದವನು ನಾನು. ಈಗ ನನ್ನ ದನಿಯೂ ಹಾಗೆಯೇ ನಡುಗುತ್ತಿತ್ತು.

"ನಂಗೂ," ಎಂದಳು. ಕಣ್ಣು ತುಂಬಿತ್ತು.

"ಎಲ್ಲಾದ್ರೂ ಹೊರಟೋಗೋಣ್ವಾ?"

"ಅಪ್ಪ ಜನದ ಮುಂದೆ ಹೆಂಗೆ ತಲೆ ಎತ್ತೋದು? ತಂಗೀನ ಯಾರು ಕಟ್ಟಿಕೊಳ್ತಾರೆ? ಬೇಡ."

ಸರವಣಂಪಟ್ಟಿ ಬಂತು. ಅವಳು ಕೆಲಸ ಮಾಡುವ ಬಟ್ಟೆ ಅಂಗಡಿ ಅಲ್ಲೇ. ಎದ್ದವಳು ನಿಂತಳು.

"ನಾಳೆಯಿಂದ ಅಣ್ಣಾ ಅಂತ ಕೂಗಬೇಕು. ಇವತ್ತೊಂದು ಸಲ ಪೇರು ಹೇಳ್ಲಾ?"

"ಹೇಳು."

"ಮಣಿಕಂಠನ್," ಎಂದಳು. ಪೂರ್ತಿ ಹೆಸರು, ನಿಧಾನವಾಗಿ. ಇಳಿದು ಹೋದಳು, ತಿರುಗಿ ನೋಡಲಿಲ್ಲ.

ಮರುದಿನದಿಂದ ನಾನು ಏಳೂವರೆಯ ಬಸ್ಸು ಹಿಡಿಯುತ್ತಿದ್ದೇನೆ. ಅವಳ ಬಾಯಲ್ಲಿ ಅಣ್ಣ ಅನ್ನಿಸಿಕೊಳ್ಳುವ ಧೈರ್ಯ ನನಗಿಲ್ಲ.