ತೆಗೆದುಹಾಕಿದ ದನಿ

ಶನಿವಾರ ಬೆಳಿಗ್ಗೆ ಇಳಕಲ್ ಠಾಣೆಗೆ ಬಂದ ಸಿನಿಮಾ ನಿರ್ಮಾಪಕ ಶಿರೀಷ, ಪಿಎಸ್‌ಐ ಶಿವಗಂಗಾ ಅವರ ಮೇಜಿನ ಮೇಲೆ ಮೊಬೈಲ್ ಇಟ್ಟ. ಹಿಂದಿನ ದಿನವಷ್ಟೇ ಬಿಡುಗಡೆಯಾದ ಅವನ ಚಿತ್ರ ಮೊಬೈಲ್ ಗುಂಪುಗಳಲ್ಲಿ ಪುಕ್ಕಟೆ ಹರಿದಾಡುತ್ತಿತ್ತು. ಮೂರು ವರ್ಷದ ದುಡಿಮೆ ಅದು.

ಕೃತಿಸ್ವಾಮ್ಯ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಇಬ್ರಾಹಿಂಸಾಬನೊಂದಿಗೆ ಶಿವಗಂಗಾ ಮಧ್ಯಾಹ್ನದ ಆಟಕ್ಕೆ ಹೋದಾಗ ಟಾಕೀಸು ಭಣಗುಡುತ್ತಿತ್ತು. ಮಂದಿಯೆಲ್ಲ ಮನೆಯಲ್ಲೇ ನೋಡಿಬಿಟ್ಟಿದ್ದಾರೆಂದು ಗೇಟ್‌ಕೀಪರ್ ಹೇಳಿದ.

ಠಾಣೆಗೆ ಮರಳಿ ಅವರು ಮೊಬೈಲಿನ ಪ್ರತಿಯನ್ನೂ ಪೂರ್ತಿ ನೋಡಿದರು. ಜೋಗುಳದ ಹಾಡನ್ನು ಶಿವಗಂಗಾ ತಡೆದು ಮತ್ತೊಮ್ಮೆ ಕೇಳಿದರು. ಟಾಕೀಸಿನಲ್ಲಿ ಕೇಳಿದ್ದು ನಯವಾದ ಎಳೆಯ ದನಿ. ಇಲ್ಲಿಯದು ತುಸು ಒಡೆದ, ಎದೆಯಾಳದ ದನಿ. ಅಂದಮೇಲೆ ಇದು ಟಾಕೀಸಿನಲ್ಲಿ ಕದ್ದು ಚಿತ್ರೀಕರಿಸಿದ್ದಲ್ಲ.

ಕೇಳಿದಾಗ ಶಿರೀಷ ತಡವರಿಸಿದ. ಮೊದಲು ಹಾಡಿದ್ದು ಗುಳೇದಗುಡ್ಡದ ಗುರುಸಿದ್ದವ್ವ. ಹೆಸರಿದ್ದ ಗಾಯಕಿ ಬೇಕೆಂದು ವಿತರಕರು ಹಟ ಹಿಡಿದದ್ದರಿಂದ ಕೊನೆಗೆ ಹಾಡಿನ ದನಿಯನ್ನು ಬದಲಿಸಿದ್ದರು. ಹಳೆಯ ಪ್ರತಿ ಇದ್ದದ್ದು ಸಂಕಲನಕಾರ ನಿಂಗರಾಜನ ಬಳಿ ಮಾತ್ರ.

ಭಾನುವಾರ ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಅವನ ಕೋಣೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಲ್ಯಾಪ್‌ಟಾಪಿನಲ್ಲಿ ಅದೇ ಪ್ರತಿ ಇತ್ತು; ಅದನ್ನು ಗುಂಪಿಗೆ ಏರಿಸಿದ ಗುರುತೂ ಇತ್ತು. ನಿಂಗರಾಜ ಅಲ್ಲಗಳೆಯಲಿಲ್ಲ.

"ಗುರುಸಿದ್ದವ್ವ ನಿನಗೇನಾಗಬೇಕು?" ಶಿವಗಂಗಾ ಕೇಳಿದರು.

"ನಮ್ಮಕ್ಕರಿ. ಗಂಟಲದ ಆಪರೇಶನ್ ಆತು. ಈಗ ಮಾತಾಡಾಕೂ ದನಿಯಿಲ್ಲ. ಆಕಿ ಹಾಡಿದ್ದು ಅದ ಕಡೀದು."

"ಹಾಡಷ್ಟ ಹಾಕಬಹುದಿತ್ತಲ್ಲ?"

"ಬರೇ ಹಾಡು ಯಾರ್ ಕೇಳ್ತಾರ್ರಿ, ಮೇಡಂ? ಸಿನಿಮಾ ಪುಕ್ಕಟೆ ಅಂದ್ರ ಎಲ್ಲಾರೂ ಇಳಿಸ್ಕೋತಾರ."

ಶಿರೀಷನ ಗತಿಯೇನೆಂದು ಶಿವಗಂಗಾ ಕೇಳಿದರು. ಅಷ್ಟು ದೂರ ಹೋಗುತ್ತದೆಂದು ಅಂದುಕೊಂಡಿರಲಿಲ್ಲವೆಂದು ನಿಂಗರಾಜ ಗೊಣಗಿದ. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿ, ಇಬ್ರಾಹಿಂಸಾಬನ ಹಿಂದೆ ಜೀಪು ಹತ್ತಿದ.

ಜೀಪು ಹುನಗುಂದ ದಾಟಿತು. ಆಮೇಲೆ, ಪ್ರಕರಣಕ್ಕೆ ಬೇಕಿಲ್ಲದಿದ್ದರೂ, ಶಿವಗಂಗಾ ಒಂದು ಮಾತು ಕೇಳಿದರು. "ನಿಮ್ಮಕ್ಕ ಆ ಹಾಡು ಕೇಳಿದ್ಲೇನು?"

"ಕೇಳಿಸಿದ್ನಿರಿ." ನಿಂಗರಾಜ ಹೊರಗೆ ನೋಡುತ್ತಲೇ ಇದ್ದ. "ಎರಡ ಸಾಲು ಕೇಳಿ, ಬಂದ್ ಮಾಡು ಅಂತ ಕೈಸನ್ನಿ ಮಾಡಿದ್ಲು."