ಮೂರನೇ ಮಹಡಿಯ ಅಪಸ್ವರ

ಮರಿಯಣ್ಣ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಮೀಟರ್ ಕೋಣೆಯಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಪೆಟ್ಟಿಗೆ ಸಿಡಿದು ಬೆಂಕಿ ಹೊತ್ತಿತ್ತು. ಮೇಲೆ ಹೊಲಿಗೆ ಕೇಂದ್ರ ನಡೆಸುತ್ತಿದ್ದ ಗೋದಾಳ ಕೈಗಳು ಸುಟ್ಟಿದ್ದವು. ವೈರಿಂಗ್ ಮಾಡಿದ್ದವನು ಮರಿಯಣ್ಣನೆಂದು ಪೊಲೀಸರು ಅವನಿಗೆ ಬೀದಿಯಲ್ಲೇ ಕೋಳ ಹಾಕಿ ಕರೆದೊಯ್ದಿದ್ದರು. ತಪ್ಪೊಪ್ಪಿಕೊಂಡರೆ ಕೇಸು ಹಗುರ ಮಾಡಿಸುತ್ತೇನೆಂದು ಮಾಲೀಕ ವೇಣುಗೋಪಾಲ್ ಆಸೆ ತೋರಿಸಿದರೂ ಜಗ್ಗದೆ, ಜಾಮೀನು ಸಿಕ್ಕ ಕೂಡಲೇ ಅವನು ನೇರವಾಗಿ ಗಾಂಧಿ ಬಜಾರಿನ ರಂಗನಾಯಕಿಯವರ ಮನೆಗೆ ಬಂದಿದ್ದ.

"ಮಾಡದ ತಪ್ಪನ್ನ ಒಪ್ಕೊಳಲ್ಲ ಅಮ್ಮಾ. ಜೈಲಿಗೆ ಹಾಕಿದ್ರೂ ಅಷ್ಟೇ."

ಕಾಲೇಜಿನಲ್ಲಿ ವಿದ್ಯುತ್ ಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ರಂಗನಾಯಕಿ, ಪೊಲೀಸರು ಕೈಚೆಲ್ಲಿದ ಪ್ರಕರಣಗಳನ್ನು ಬಿಡಿಸುವುದರಲ್ಲಿ ಹೆಸರಾಗಿದ್ದರು. ಅವರ ಶಿಷ್ಯೆ ತೇಜಶ್ರೀಗೆ ಅಂದು ಮೊದಲಿಗೆ ಅಳುಕಾಯಿತು. ತಪಾಸಣೆಗೆ ಬಂದಿದ್ದ ತಜ್ಞರು ವಿದ್ಯುತ್ತಿನ ಗುಣಮಟ್ಟ ಸರಿಯಿದೆ, ವೈರಿಂಗೇ ಕೆಟ್ಟದ್ದು ಎಂದು ಆಗಲೇ ಬರೆದುಕೊಟ್ಟಿದ್ದರು.

ಗೋದಾ ಮಾತ್ರ ಬೇರೆಯದನ್ನೇ ಹೇಳಿದಳು. ಪೆಟ್ಟಿಗೆ ಕೆಲವೊಮ್ಮೆ ಜೇನುಗೂಡಿನಂತೆ ಗುಂಯ್‌ಗುಟ್ಟಿ, ಆಮೇಲೆ ತಣ್ಣಗಾಗುತ್ತಿತ್ತಂತೆ. ಅದನ್ನು ನೋಡಲು ಇಳಿದಾಗಲೇ ಸಿಡಿದದ್ದು. ಮೂರನೇ ಮಹಡಿ ಖಾಲಿ, ಬೀಗದ ಕೈ ತನ್ನೊಬ್ಬನ ಬಳಿಯೇ ಇದೆ ಎಂದು ವೇಣುಗೋಪಾಲ್ ಪೊಲೀಸರ ಮುಂದೆ ಹೇಳಿದ್ದ. ಆದರೆ ಹಿಂದಿನ ಓಣಿಯಲ್ಲಿ ಸುತ್ತಾಡುವಾಗ ತೇಜಶ್ರೀಯ ಪಾದಕ್ಕೆ ಬೆಚ್ಚಗಿನ ನೀರು ತಾಗಿತು. ತಲೆಯೆತ್ತಿದರೆ, ಮೂರನೇ ಮಹಡಿಯ ಕೊಳವೆ.

ರಂಗನಾಯಕಿ ಹೊಲಿಗೆ ಕೇಂದ್ರದಲ್ಲಿ ಅಳತೆಯ ಯಂತ್ರ ಜೋಡಿಸಿದರು. ವೇಣುಗೋಪಾಲ್ ಓಡಿಬಂದು, ತನ್ನ ಕಟ್ಟಡದಲ್ಲಿ ಇದೆಲ್ಲ ಬೇಡವೆಂದು ಗದರಿದ.

"ಬಾಡಿಗೆ ಕೊಡೋಳು ನಾನು. ನಮ್ಮ ಕರೆಂಟ್ ನಾವು ಅಳೀತೀವಿ," ಎಂದು ಗೋದಾ ಬ್ಯಾಂಡೇಜಿನ ಕೈಗಳನ್ನು ಕಟ್ಟಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ತಜ್ಞರೇ ಬರೆದುಕೊಟ್ಟ ಮೇಲೆ ಇವರೇನು ಕಂಡುಹಿಡಿಯುತ್ತಾರೆಂದು ಅವನು ಬೈಯುತ್ತಲೇ ಹಿಂತಿರುಗಿದ.

ತೇಜಶ್ರೀ ಓಣಿಯಲ್ಲಿ ಕಾದಳು. ನೀರು ಬಂದಾಗಲೆಲ್ಲ ರಂಗನಾಯಕಿಯವರಿಗೆ ಫೋನಿನಲ್ಲಿ ತಿಳಿಸಿದಳು.

ಮರುದಿನ ರಂಗನಾಯಕಿ ಕೇಳಿಕೊಂಡಂತೆ ಇನ್‌ಸ್ಪೆಕ್ಟರ್ ರವಿಕುಮಾರ್ ಎಲ್ಲರನ್ನೂ ಹೊಲಿಗೆ ಕೇಂದ್ರಕ್ಕೆ ಕರೆಸಿದರು. ರಂಗನಾಯಕಿ ಲ್ಯಾಪ್‌ಟಾಪ್ ತಿರುಗಿಸಿ ಮಾತು ಶುರುಮಾಡಿದರು. ವಿದ್ಯುತ್ತಿನ ಅಲೆ ನಯವಾಗಿರಬೇಕು. ಕೆಲವು ಯಂತ್ರಗಳು ಅದರೊಳಕ್ಕೆ ಬೇರೆ ಕಂಪನಗಳನ್ನು ಬೆರೆಸಿ ಕೆಡಿಸುತ್ತವೆ. ಆ ಕಂಪನಗಳೆಲ್ಲ ಕೆಪಾಸಿಟರಿಗೆ ನುಗ್ಗಿದರೆ ಅದು ಕಾದು ಸಿಡಿಯುತ್ತದೆ. ತಜ್ಞರು ನೋಡಿದ್ದು ಇಡೀ ದಿನದ ಸರಾಸರಿಯನ್ನು. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಬರುವ ಹಾವಳಿ ಅದರಲ್ಲಿ ಕರಗಿಹೋಗಿತ್ತು.

"ಭಜನೇಲಿ ಯಾರೋ ಅಪಸ್ವರ ಹಾಡಿದ್ರು ಅನ್ನೋದು ಬೇರೆ, ಯಾವ ಸಾಲಲ್ಲಿ ಹಾಡಿದ್ರು ಅನ್ನೋದು ಬೇರೆ. ವೇವ್‌ಲೆಟ್ ಅನ್ನೋ ಲೆಕ್ಕ ಅಲೆಯನ್ನ ತುಂಡುತುಂಡಾಗಿ ನೋಡಿ ಆ ಸಾಲನ್ನ ತೋರಿಸುತ್ತೆ."

ಪರದೆಯ ಮೇಲೆ ಹಾವಳಿಯ ಹೊತ್ತುಗಳನ್ನು ತೋರುವ ಕೆಂಪು ಪಟ್ಟೆಗಳಿದ್ದವು. ಹೊಲಿಗೆ ಯಂತ್ರಗಳು ನಿಂತಿದ್ದಾಗಲೂ ಅವು ಮೂಡಿದ್ದವು. ಒಂದೊಂದು ಪಟ್ಟೆ ಎದ್ದ ಬೆನ್ನಿಗೇ ಓಣಿಯಲ್ಲಿ ಬಿಸಿನೀರು ಬಿದ್ದಿತ್ತು. ಕರೆಂಟಿನಿಂದ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಯ ಗುರುತೇ ಇದು, ಆ ನೀರು ಕುಲುಮೆಯನ್ನು ತಂಪಾಗಿಸಿ ಹೊರಬರುವುದು ಎಂದರು ರಂಗನಾಯಕಿ. ಬೆಂಕಿಯ ನಂತರವೂ ಅದು ಕೆಲಸ ಮಾಡುತ್ತಲೇ ಇತ್ತು.

"ಗೆರೆ ನೋಡಿ ಕಳ್ಳ ಅಂತೀರಾ?" ವೇಣುಗೋಪಾಲ್ ನಕ್ಕ.

"ಇಲ್ಲ. ಬಾಗಿಲು ತೆಗೆದು ನೋಡಿ ಅಂತೀವಿ," ಎಂದರು ರಂಗನಾಯಕಿ.

ಬೀಗದ ಕೈ ಕಳೆದುಹೋಯಿತೆಂದು ಅವನು ತೊದಲಿದ. ರವಿಕುಮಾರ್ ಬೀಗ ಒಡೆಸಿದರು. ಒಳಗೆ ಕುಲುಮೆ ಇನ್ನೂ ಬಿಸಿಯಿತ್ತು; ಪಕ್ಕದಲ್ಲಿ ಕರಗಿಸಲು ತಂದ ಕಳವಿನ ಒಡವೆಗಳಿದ್ದವು; ಮೀಟರಿಗೆ ಸಿಗದಂತೆ ಎಳೆದ ದಪ್ಪ ಕೇಬಲ್ ಗೋಡೆಯೊಳಗೆ ಇಳಿದಿತ್ತು. ರವಿಕುಮಾರ್ ವೇಣುಗೋಪಾಲನನ್ನು ಅಲ್ಲೇ ಬಂಧಿಸಿದರು.

ತೇಜಶ್ರೀಗೆ ಆಗ ಮರಿಯಣ್ಣನ ಮುಖ ನೋಡಬೇಕೆನಿಸಿತು. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ. ಇನ್ನು ಮನೆಗೆ ಹೋಗಬಹುದೆಂದು ರವಿಕುಮಾರ್ ಹೇಳಿದರೂ ಅವನು ಅಲ್ಲಾಡಲಿಲ್ಲ.

"ಸರ್, ಈ ಬೀದಿಯವರ ಎದುರಿಗೇ ನನಗೆ ಕೋಳ ಹಾಕಿದ್ರಿ. ತಪ್ಪು ನಂದಲ್ಲ ಅನ್ನೋದನ್ನೂ ಅವರ ಎದುರಿಗೇ ಹೇಳಿ. ಅಲ್ಲಿವರೆಗೂ ನಾನು ಹೋಗಲ್ಲ."

ರವಿಕುಮಾರ್ ಟೋಪಿ ಹಾಕಿಕೊಂಡು ಮೆಟ್ಟಿಲಿಳಿದರು. ಎದುರಿನ ಅಂಗಡಿಯವರನ್ನೂ ಆಟೋದವರನ್ನೂ ಕರೆದು, ಈ ಮನುಷ್ಯನ ತಪ್ಪೇನೂ ಇಲ್ಲವೆಂದು ಗಟ್ಟಿಯಾಗಿ ಹೇಳಿದರು. ಮರಿಯಣ್ಣ ಬೀದಿಯ ನಡುವೆ ತಲೆಯೆತ್ತಿ ನಿಂತು ಪೂರ್ತಿ ಕೇಳಿಸಿಕೊಂಡ.